ಅಂಕಿಯ ಮೂರು, ಅಕ್ಷರದ ಮೂರು

ಲಿಫ್ಟ್ ನಡೆಸುವ ಪ್ರೋಗ್ರಾಮಿಗೆ ಮಹಡಿಯನ್ನು 3 ಎಂದು ಅಂಕಿಯಲ್ಲೇ ಕೊಡಬೇಕೋ, 'ಮೂರು' ಎಂದು ಅಕ್ಷರದಲ್ಲಿ ಕೊಟ್ಟರೂ ನಡೆಯುತ್ತದೋ ಎಂಬುದು ಆ ಕಚೇರಿಯಲ್ಲಿ ಮನುಕುಲದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಪ್ರೋಗ್ರಾಮು ಬರೆದ ವಾಗ್ದೇವಿ ಮೇಡಂ, ಅಕ್ಷರ ಬಂದರೆ ತಿರಸ್ಕರಿಸುವಂತೆ ಮಾಡಿಟ್ಟರು. ಸಹೋದ್ಯೋಗಿ ಗೌಸ್ ಜಗಳವಾಡಿ ಸೋತ.

ಒಂದು ಮಧ್ಯಾಹ್ನ ಕಚೇರಿಯ ಕಟ್ಟಡದಲ್ಲೇ, ಆ ಪ್ರೋಗ್ರಾಮು ನಡೆಸುವ ಲಿಫ್ಟಿನೊಳಗೆ ಸಿಕ್ಕಿಕೊಂಡ ಮೇಡಂ ಅವನಿಗೇ ಫೋನು ಮಾಡಿದರು.

"ಎಮರ್ಜೆನ್ಸಿ ಬಟನ್ ಒತ್ತಿ ಒತ್ತಿ ಬೆರಳು ನೋಯ್ತಿದೆ ಗೌಸ್. ಬಾಗಿಲು ಯಾಕೆ ತೆಗೀತಿಲ್ಲ?"

"ಆ ಬಟನ್ನಿಂದು ಹಳೇ ಪ್ರೋಗ್ರಾಮು ಮೇಡಂ. ನೀವಿರೋ ಮಹಡೀನ 'ಮೂರು' ಅಂತ ಅಕ್ಷರದಲ್ಲೇ ಕಳಿಸುತ್ತೆ. ನಿಮ್ಮದು ಒಪ್ತಿಲ್ಲ."

"ಥೂ! ಅದನ್ನ ಬರೆದವನಿಗೆ ಬುದ್ಧಿ ಬೇಡ್ವಾ?"

"ಅವನಿಗೆ ಆಮೇಲೆ ಬುದ್ಧಿ ಹೇಳೋಣ. ನಿಮ್ಮ ಪ್ರೋಗ್ರಾಮಲ್ಲಿ ಒಂದೇ ಒಂದು ಸಾಲು ಸಡಿಲ ಮಾಡ್ಲಾ? ಈಗಲೇ ಆಚೆ ಬರ್ತೀರ."

"ಸೆಕೆ ತಡಿಯೋಕಾಗ್ತಿಲ್ಲ ಕಣಪ್ಪ."

"ಹಾಗಾದ್ರೆ ಹ್ಞೂಂ ಅನ್ನಿ. ನೀವು ಒಪ್ಪದೆ ನಾನು ಮುಟ್ಟೋ ಹಾಗಿಲ್ವಲ್ಲ."

ಮೇಡಂ ನಿಟ್ಟುಸಿರು ಬಿಟ್ಟು ಹೇಳಿದರು: "ಇವತ್ತು ನನಗೋಸ್ಕರ ಬಿಟ್ರೆ, ನಾಳೆ ಎಲ್ಲರಿಗೂ ಬಿಡಬೇಕಾಗುತ್ತೆ."

ಬಾಗಿಲನ್ನು ಅಗ್ನಿಶಾಮಕ ದಳದವರು ಬಂದು ಕತ್ತರಿಸಿದರು.