ಡ್ರ್ಯಾಗನ್ ಕೊಂದವಳ ಬಹುಮಾನ

ಮೇಜಿನ ಸುತ್ತ ಕೂತು ದಾಳ ಎಸೆಯುತ್ತ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ ಅದು. ಕತೆ ನಡೆಸುವವನು ಸುಹಾಸ. ಅವನದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಆಡಿದ್ದೆಲ್ಲ ಪಾತ್ರದ ಮಾತು, ಸ್ವಂತ ಮಾತಾದರೆ ತಲೆಯ ಮೇಲೆ ಕೈ ಇಟ್ಟುಕೊಂಡೇ ಆಡಬೇಕು. ಅವನ ಅಮ್ಮ ಕಂಡಾಗಲೆಲ್ಲ, "ಹಂಗ್ಯಾಕೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೋತೀರೋ, ಅಪಶಕುನ" ಎಂದು ಗದರುತ್ತಿದ್ದರು.

ಆ ಭಾನುವಾರ ಡ್ರ್ಯಾಗನ್ ಸತ್ತಿತು. ಕೊಂದದ್ದು ವಿನುತಾಳ ಪಾತ್ರ, ಕತ್ತಿ ಹಿಡಿದ ಹೆಣ್ಣು.

"ಏನು ಬಹುಮಾನ ಬೇಕು, ಕೇಳು" ಎಂದ ಸುಹಾಸ, ರಾಜನ ಗತ್ತಿನಲ್ಲಿ.

"ಡ್ರ್ಯಾಗನ್ ಕೊಂದವರಿಗೆ ಮಗಳನ್ನ ಕೊಡ್ತೀನಿ ಅಂತ ಡಂಗುರ ಹೊಡೆಸಿದ್ರಲ್ಲ ಪ್ರಭು. ಕೊಡಿ."

ರಾಜಕುಮಾರಿಯ ಪಾತ್ರ ಸುಹಾಸನ ತಂಗಿ ಇಂಚರಾಳದು. ಅವಳು ಅಂಗೈಯಲ್ಲಿ ದಾಳ ಉರುಳಿಸುತ್ತಿದ್ದಳು.

ಸುಹಾಸ ತಲೆಯ ಮೇಲೆ ಕೈ ಇಟ್ಟುಕೊಂಡ. "ನೋಡು ವಿನುತಾ, ಹೆಣ್ಣಿಗೂ ಹೆಣ್ಣಿಗೂ ಮದುವೆ ಎಲ್ಲ ನನ್ನ ರಾಜ್ಯದಲ್ಲಿ ಇಲ್ಲ. ಕತೆ ನಂಬೋ ಹಾಗಿರ್ಬೇಕು."

ವಿನುತಾಳ ಕೈಯೂ ತಲೆಗೇರಿತು. "ನಿನ್ನ ಕಾಡಲ್ಲಿ ಮರ ಮಾತಾಡ್ತು, ನಂಬಿದ್ವಿ. ಸತ್ತೋನು ಎದ್ದು ಬಂದು ಊಟ ಮಾಡ್ದ, ಅದನ್ನೂ ನಂಬಿದ್ವಿ. ಇದೊಂದು ನಂಬಕ್ಕಾಗಲ್ವಾ ನಿನಗೆ?"

ಉಳಿದವರು ನಕ್ಕರು. ಸುಹಾಸನೂ ನಕ್ಕು ಕೈ ಇಳಿಸಿದ. "ಸರಿ, ಮಗಳು ಒಪ್ಪಿದ್ರೆ ರಾಜನ ಅಡ್ಡಿಯಿಲ್ಲ. ಏನಮ್ಮಾ, ಇವಳನ್ನ ಮದುವೆ ಆಗ್ತೀಯಾ?"

"ಆಗ್ತೀನಿ" ಎಂದಳು ಇಂಚರಾ, ಅಣ್ಣನ ಮುಖವನ್ನೇ ನೋಡುತ್ತ.

ಅವಳ ಕೈ ತಲೆಯ ಮೇಲಿತ್ತು.