ಮುರಿದ ಬೋಲ್ಟು, ಆಚೆ ದಡ

ಕಾದ ಕಬ್ಬಿಣಕ್ಕೆ ಹರಳೆಣ್ಣೆ ಬಿದ್ದ ವಾಸನೆ ಬಂದರೆ ಈಗಲೂ ನಾನು ಹೊರಗೆ ಬಂದು ಹೊತ್ತು ಎಷ್ಟಾಯಿತೆಂದು ನೋಡುತ್ತೇನೆ.

ಅವತ್ತು ತವರಿನಿಂದ ಹಿಂತಿರುಗಿದ ಅವ್ವ ಕಬಿನಿ ಹಿನ್ನೀರಿನ ಆಚೆ ದಡದಲ್ಲಿ, ಕಾಕನಕೋಟೆ ಕಾಡಿನ ಅಂಚಿನಲ್ಲಿ, ನಮ್ಮ ದೋಣಿಗೆ ಕಾಯುತ್ತಿದ್ದಳು. ಸಂಜೆಯಾದರೆ ಅಲ್ಲಿ ಆನೆಗಳು ನೀರು ಕುಡಿಯಲು ದಡಕ್ಕೆ ಬರುತ್ತಿದ್ದವು. ಈಚೆ ದಡದಲ್ಲಿ, ದೋಣಿಯ ಹಳೇ ಮೋಟರಿನ ಬೋಲ್ಟಿನ ತಲೆ ಮುರಿದು, ತುಕ್ಕು ಹಿಡಿದ ಮೋಟು ತುದಿಯಷ್ಟೇ ಕಾಣುವಂತೆ ಒಳಗೇ ಉಳಿದಿತ್ತು. ಅದನ್ನು ತೆಗೆಯದೆ ಹೊಸದನ್ನು ಹಾಕುವಂತಿರಲಿಲ್ಲ.

ಅಪ್ಪ ಸುತ್ತಿಗೆ ಎತ್ತಿದ.

“ಬಡೀಬೇಡ ಕಣ್ಲಾ, ಮೋಟ್ರೇ ಒಡ್ದೋಯ್ತದೆ,” ಎಂದ ತಾತ.

“ಒತ್ತು ಮುಳುಗ್ತಾ ಅದೆ ಕಣಪ್ಪ! ಅವಳು ಅಲ್ಲಿ ಒಬ್ಳೇ ಅವಳೆ.”

“ಅದ್ಕೇ ಏಳ್ತಿರೋದು. ಮೊದ್ಲು ಬಿಗಿ ಮಾಡು, ಆಮೇಲೆ ಸಡ್ಲ ಮಾಡು, ತುಕ್ಕು ಬಿಡ್ತದೆ.”

ತಾತ ಸೌದೆ ಬೆಂಕಿಯಲ್ಲಿ ಕೆಂಪಗೆ ಕಾದ ಸಲಾಕೆಯನ್ನು ಮೋಟಿಗೆ ಒತ್ತಿ, ಗಾಡಿಯ ಕೀಲಿಗೆ ಹಾಕುವ ಹರಳೆಣ್ಣೆ ಬಿಟ್ಟ. ಹೊಗೆ ಎದ್ದಿತು. ಅಪ್ಪ ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಬಿಗಿದ, ಅಷ್ಟೇ ಸಡಿಲಿಸಿದ. ಮತ್ತೆ ಸಲಾಕೆ, ಮತ್ತೆ ಎಣ್ಣೆ. ಕೊನೆಗೆ ಮೋಟು ಕೆಂಪು ಪುಡಿ ಉದುರಿಸುತ್ತಾ ಹೊರಬಂತು.

ಹೊಸ ಬೋಲ್ಟು ಹಾಕಿ ಹೊರಟೆವು. ಅವ್ವ ದಡದಲ್ಲಿರಲಿಲ್ಲ, ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು.

“ಇಷ್ಟೊತ್ತಾ?” ಎಂದಳು.

“ಒಂದು ಬೋಲ್ಟು ಮುರ್ದಿತ್ತು,” ಎಂದ ಅಪ್ಪ.

ಅವಳ ಹಿಂದೆ, ಖಾಲಿ ದಡದಲ್ಲಿ, ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು.