ಅನಸೂಯಮ್ಮನವರ ಮನೆಯ ಹೆಪ್ಪು

ಸರ್ಕಾರಿ ಪ್ರಯೋಗಾಲಯಗಳನ್ನು ಮುಚ್ಚಿದ ಮೇಲೆ ಅಲ್ಲಿನ ಸಂಶೋಧನೆಗಳನ್ನು ರೇಷನ್ ಕಾರ್ಡಿಗೊಂದರಂತೆ ಮನೆಗಳಿಗೆ ಹಂಚಿದ್ದರು. ಪಾವಗಡದ ಈ ಬೀದಿಯಲ್ಲಿ ಟೈಲರ್ ಓಬಳೇಶಿಯ ಮಾಳಿಗೆಯ ಮೇಲೆ ದೂರದರ್ಶಕವಿತ್ತು, ಪಕ್ಕದ ಮನೆಯ ಬಚ್ಚಲಲ್ಲಿ ಕಪ್ಪೆಗಳಿದ್ದವು. ಅನಸೂಯಮ್ಮನವರ ಪಾಲಿಗೆ ಬಂದದ್ದು ನೀರಿನಲ್ಲಿರುವ ಫ್ಲೋರೈಡನ್ನು ಹೀರುವ ಸೂಕ್ಷ್ಮಾಣುಗಳು. ದಿನಾ ಬೆಳಿಗ್ಗೆ ಹಳೆಯ ಬಾಟಲಿಯಿಂದ ಒಂದು ಚಮಚ ತೆಗೆದು ಹೊಸ ಸಕ್ಕರೆ ನೀರಿಗೆ ಬಿಡಬೇಕು. ಮೊಸರಿಗೆ ಮಾಡುವುದೂ ಅದನ್ನೇ ಅಲ್ಲವೇ ಎಂದು ಅವರು ಅದನ್ನು ಹೆಪ್ಪು ಎಂದೇ ಕರೆಯುತ್ತಿದ್ದರು.

ಆ ಸೂಕ್ಷ್ಮಾಣುಗಳನ್ನು ಬೆಳೆಸಿದ್ದ ವಿಜ್ಞಾನಿ ರುಬೀನಾ ಮಧ್ಯಾಹ್ನ ಖಾಲಿ ಚೀಲ ಹಿಡಿದು ಬಂದಳು.

"ಈ ಸಲ ಬಜೆಟ್ಟಲ್ಲಿ ಸಕ್ಕರೆ ದುಡ್ಡೂ ತೆಗೆದುಬಿಟ್ಟಿದ್ದಾರಮ್ಮ. ಎಲ್ಲಾ ಮನೆಯಿಂದ ವಾಪಸ್ ತಂದು ಚೆಲ್ಲಿ ಅಂತ ಆರ್ಡರ್ ಆಗಿದೆ. ಬಾಟಲಿ ಕೊಟ್ಟುಬಿಡಿ."

"ನಮ್ಮನೇಲಿ ಸಕ್ಕರೆ ಇಲ್ವಾ?"

"ಬಂದು ಕೇಳಲಿಲ್ಲ ಅಂದ್ರೆ ನನ್ನ ಕೆಲಸಾನೂ ಹೋಗುತ್ತೆ."

ಅವಳ ಕಣ್ಣು ಬಾಟಲಿ ಇಟ್ಟಿದ್ದ ಫ್ರಿಜ್ಜಿನ ಬಾಗಿಲ ಮೇಲೇ ಇತ್ತು. ಅನಸೂಯಮ್ಮ ಬೋರ್‌ವೆಲ್ ನೀರು ಕುಡಿದು ಸೊಟ್ಟಗಾದ ಮೊಣಕಾಲನ್ನು ಹಿಡಿದುಕೊಂಡು ಎದ್ದರು. ಹೊರಗೆ ರಣಬಿಸಿಲಿತ್ತು. ಅವರು ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದರು.

"ಕೇಳಿದ್ದಾಯ್ತಲ್ಲ ಮೇಡಂ. ದೀಪ ಹಚ್ಚಿದ ಮೇಲೆ ನಾವು ಹೆಪ್ಪು ಯಾರಿಗೂ ಕೊಡಲ್ಲ. ನಾಳೆ ಬನ್ನಿ."

ರುಬೀನಾ ಖಾಲಿ ಚೀಲವನ್ನು ನಿಧಾನವಾಗಿ ಮಡಿಚಿಕೊಂಡಳು.

"ನಾಳೆ ಎಷ್ಟೊತ್ತಿಗೆ ದೀಪ ಹಚ್ತೀರಮ್ಮ?"

"ನೀವು ಎಷ್ಟೊತ್ತಿಗೆ ಬರ್ತೀರಿ?"